ಯೆಜ್ಡಿಗೆ ಮುಂದಿನ ಎಂಜಿನ್ ಯಾವುದು? ತೀರ್ಮಾನ ಆಗೋದು ಗ್ಯಾರೇಜಿನಲ್ಲಲ್ಲ, ತೆರಿಗೆ ಪಟ್ಟಿಯಲ್ಲಿ

ಮೈಸೂರಿನ ವಿಜಯನಗರದಿಂದ ಯಾದವಗಿರಿಗೆ ಗಾಡಿಯಲ್ಲಿ ಹೊರಟರೆ ಹತ್ತು ನಿಮಿಷದ ದಾರಿ. ಒಂದು ಕಾಲಕ್ಕೆ ದೇಶದ ಹುಡುಗರ ನಿದ್ದೆ ಕೆಡಿಸಿದ್ದ ಬೈಕು ತಯಾರಾಗುತ್ತಿದ್ದದ್ದು ಅಲ್ಲೇ. ಕಾರ್ಖಾನೆ ನಿಂತು ಮೂರು ದಶಕವಾಯಿತು. ಆದರೂ ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನದಂದು ಹಳೇ ಗಾಡಿಗಳು ಬೀದಿಗಿಳಿದರೆ ಅದೇ ಚರ್ಚೆ: ‘ಮುಂದಿನ ಎಂಜಿನ್ ಯಾವುದು ಬರುತ್ತೆ? ದೊಡ್ಡದಾ, ಎಲೆಕ್ಟ್ರಿಕ್ಕಾ?’

ಇದು ಬರೀ ಬೈಕ್ ಪ್ರೇಮಿಗಳ ಹರಟೆಯಲ್ಲ. ಎಂಜಿನ್ ಎಷ್ಟು ದೊಡ್ಡದಿರಬೇಕು, ಅದು ಎಲ್ಲಿ ತಯಾರಾಗಬೇಕು ಎನ್ನುವುದರಲ್ಲಿ ಸರ್ಕಾರದ ಪಾತ್ರ ಕಂಪನಿಯ ಎಂಜಿನಿಯರುಗಳಷ್ಟೇ ದೊಡ್ಡದು.

ಯಾದವಗಿರಿಯ ಕತೆ

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯೊಂದಿಗೆ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಕಟ್ಟಿದ್ದು ಇರಾನಿ ಕುಟುಂಬ. ಉದ್ಘಾಟಿಸಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 250 ಸಿಸಿ ಟೂ-ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ಕರ್, ಗೇರು ಎರಡಕ್ಕೂ ಒಂದೇ ಲಿವರ್. ರೋಡ್‌ಕಿಂಗ್ ಕೊಡುತ್ತಿದ್ದದ್ದು ಸುಮಾರು 16 ಅಶ್ವಶಕ್ತಿ. ಇವತ್ತಿಗೆ ಕಡಿಮೆ ಅನ್ನಿಸಬಹುದು, ಆಗ ಅದೇ ದೊಡ್ಡ ಗತ್ತು.

ಟೂ-ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಜೊತೆ ಆಯಿಲನ್ನೂ ಸುಡುತ್ತದೆ. ಪೂರ್ತಿ ಉರಿಯದ ಇಂಧನ ಹೊಗೆಯಾಗಿ ಆಚೆ ಬರುತ್ತದೆ. 1985ರಲ್ಲಿ ಹೀರೋ ಹೋಂಡಾ 100 ಸಿಸಿ ಫೋರ್-ಸ್ಟ್ರೋಕ್ ತಂದು ಮೈಲೇಜ್ ತೋರಿಸಿತು. 1991ರಲ್ಲಿ ಬಂದ ಹೊಗೆ ಮಿತಿ 1996ರಲ್ಲಿ ಇನ್ನಷ್ಟು ಬಿಗಿಯಾಯಿತು. ಅದೇ 1996ರಲ್ಲಿ ಕಾರ್ಖಾನೆಯೂ ನಿಂತಿತು. ಕಾರಣ ಒಂದೇ ಅಲ್ಲ. ಆದರೆ ಹಳೇ ಎಂಜಿನ್ನಿನ ಆಯಸ್ಸು ಮುಗಿಸಿದವುಗಳಲ್ಲಿ ಮಾರುಕಟ್ಟೆ ಒಂದಾದರೆ ಕಾನೂನು ಇನ್ನೊಂದು.

ಹೆಸರು ಮರಳಿತು, ಕೆಲಸ ಮರಳಲಿಲ್ಲ

ಮಹೀಂದ್ರಾ ದೊಡ್ಡ ಪಾಲು ಹೊಂದಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ತಂದಿತು. ಈಗಿನ ಯೆಜ್ಡಿಯದು 334 ಸಿಸಿ, ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್ ಎಂಜಿನ್. ಶಕ್ತಿ ಹಳೇ ರೋಡ್‌ಕಿಂಗ್‌ಗಿಂತ ಹತ್ತಿರಹತ್ತಿರ ದುಪ್ಪಟ್ಟು. ತಯಾರಾಗೋದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ.

ಹೆಸರಿನ ಮೇಲೂ ಜಗಳ ನಡೆಯಿತು. ಯೆಜ್ಡಿ ಟ್ರೇಡ್‌ಮಾರ್ಕ್ ಮುಚ್ಚಿಹೋದ ಐಡಿಯಲ್ ಜಾವಾ ಕಂಪನಿಯದ್ದೇ ಎಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ಬದಿಗಿಟ್ಟಿತು.

350 ಸಿಸಿಯ ಗೋಡೆ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. 350 ಸಿಸಿವರೆಗಿನ ಬೈಕಿಗೆ 28ರಿಂದ 18 ಶೇಕಡಾಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಸೆಸ್ ಸೇರಿ 31 ಇದ್ದದ್ದು 40 ಶೇಕಡಾ ಆಯಿತು. ಎಲೆಕ್ಟ್ರಿಕ್ ಗಾಡಿಗೆ 5 ಶೇಕಡಾ.

ಲೆಕ್ಕ ಹಾಕಿ. ತೆರಿಗೆಗೆ ಮುಂಚೆ 2 ಲಕ್ಷ ರೂಪಾಯಿ ಬೆಲೆಯ ಗಾಡಿ ಅಂದುಕೊಳ್ಳೋಣ. 350 ಸಿಸಿ ಒಳಗಿದ್ದರೆ ತೆರಿಗೆ 36,000. ಒಂದು ಸಿಸಿ ಹೆಚ್ಚಾದರೂ 80,000. ಎಲೆಕ್ಟ್ರಿಕ್ ಆದರೆ 10,000. ಯಾವ ಕಂಪನಿ ತಾನೇ ಈ ಗೋಡೆ ಹಾರೋಕೆ ಹೋಗುತ್ತೆ?

ಹಾಗಾಗಿ ಊಹೆಗೆ ಮೂರು ದಾರಿ ಕಾಣುತ್ತದೆ. ಒಂದು, 334 ಸಿಸಿಯನ್ನೇ ತಿದ್ದಿ ತೀಡಿ ಮುಂದುವರಿಸೋದು. ಇದು ಸಲೀಸು, ಸಾಧ್ಯತೆಯೂ ಇದಕ್ಕೇ ಹೆಚ್ಚು. ಎರಡು, ಇದೇ ಕಂಪನಿ 2024ರ ಆಗಸ್ಟ್‌ನಲ್ಲಿ ಇಲ್ಲಿ ಬಿಟ್ಟ ಬಿಎಸ್‌ಎ ಗೋಲ್ಡ್ ಸ್ಟಾರ್‌ನ 652 ಸಿಸಿ ಎಂಜಿನ್ನನ್ನು ಯೆಜ್ಡಿಗೂ ಕೂರಿಸೋದು. 45 ಅಶ್ವಶಕ್ತಿ, ಅಭಿಮಾನಿಗಳ ಕನಸು ಇದೇ. ಆದರೆ 40 ಶೇಕಡಾ ತೆರಿಗೆ ಕಟ್ಟಿ ಕೊಳ್ಳೋರು ಎಷ್ಟು ಜನ? ಮೂರು, ಎಲೆಕ್ಟ್ರಿಕ್. ವೇಗದ ಎಲೆಕ್ಟ್ರಿಕ್ ಬೈಕ್ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಅಲ್ಟ್ರಾವಯೊಲೆಟ್ 2022ರಲ್ಲೇ ಎಫ್77 ತಂದಿದೆ.

ಅಮೆರಿಕದಲ್ಲೂ ಇದೇ ರಾಜಕೀಯ

ಅಲ್ಲಿನ ಡಾಡ್ಜ್ ಕಂಪನಿ ತನ್ನ ಚಾರ್ಜರ್, ಚಾಲೆಂಜರ್ ಮಸಲ್ ಕಾರುಗಳ ವಿ8 ಎಂಜಿನ್ನಿಗೆ 2023ರ ಕೊನೆಯಲ್ಲಿ ವಿದಾಯ ಹೇಳಿ, ಮರುವರ್ಷ ಎಲೆಕ್ಟ್ರಿಕ್ ಚಾರ್ಜರ್ ತಂದಿತು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ಕಾನೂನು ಇಂಧನ ಕ್ಷಮತೆಯ ನಿಯಮ ಮೀರಿದರೆ ಬೀಳುತ್ತಿದ್ದ ದಂಡವನ್ನು ಸೊನ್ನೆಗೆ ಇಳಿಸಿತು. ಈಗ ‘ವಿ8 ವಾಪಸ್ ಬರುತ್ತಾ?’ ಅನ್ನೋದೇ ಅಲ್ಲಿನ ಚರ್ಚೆ. ಅಲ್ಲಿ ಕಾನೂನು ಸಡಿಲವಾಗಿ ದೊಡ್ಡ ಎಂಜಿನ್ನಿಗೆ ಬಾಗಿಲು ತೆರೆಯಿತು, ಇಲ್ಲಿ ತೆರಿಗೆ ಏರಿ ಬಾಗಿಲು ಮುಚ್ಚುತ್ತಿದೆ.

ಮೈಸೂರಿಗೆ ಏನು ಸಿಗುತ್ತೆ?

ಹೊಗೆಗೆ ಕಡಿವಾಣ ಬೇಕೇ ಬೇಕು. ಆದರೆ ಈ ತೆರಿಗೆ ಅಳೆಯೋದು ಹೊಗೆಯನ್ನಲ್ಲ, ಸಿಲಿಂಡರಿನ ಗಾತ್ರವನ್ನು. ಒಂದೇ ಬಿಎಸ್-6 ಪರೀಕ್ಷೆ ಪಾಸಾದ 349 ಸಿಸಿ ಮತ್ತು 351 ಸಿಸಿ ಗಾಡಿಗಳ ನಡುವೆ 22 ಶೇಕಡಾ ಅಂತರ ಯಾಕೆ? ಸಿಸಿ ಬದಲು ಹೊಗೆಯ ಪ್ರಮಾಣಕ್ಕೆ ತೆರಿಗೆ ಹಾಕಿದರೆ ಒಳ್ಳೆ ಎಂಜಿನ್ ಮಾಡೋರಿಗೆ ಲಾಭ ಸಿಗುತ್ತೆ.

ಎಲ್ಲಿ ತಯಾರಾಗುತ್ತೆ ಅನ್ನೋ ಪ್ರಶ್ನೆಯೂ ಬಾಕಿ ಇದೆ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ಕರ್ನಾಟಕ. ಟಿವಿಎಸ್ ಕಾರ್ಖಾನೆ ಮೈಸೂರಿನಲ್ಲಿ ಇವತ್ತಿಗೂ ನಡೆಯುತ್ತಿದೆ, ಅಂದರೆ ಬೈಕ್ ಮಾಡೋ ಕೈಗಳು ಈ ಊರಲ್ಲಿವೆ. ಎಲೆಕ್ಟ್ರಿಕ್ ಗಾಡಿಯಲ್ಲಿ ತಿರುಗೋ ಭಾಗಗಳು ಕಡಿಮೆ, ಆಯಿಲ್ ಬದಲಿಸೋ ಕೆಲಸವಿಲ್ಲ. ಹಾಗಾದಾಗ ವಿಜಯನಗರದಂಥ ಬಡಾವಣೆಯ ಸಣ್ಣ ಗ್ಯಾರೇಜಿನ ಹುಡುಗನಿಗೆ ಬ್ಯಾಟರಿ, ಕಂಟ್ರೋಲರ್ ರಿಪೇರಿ ಕಲಿಸೋರು ಯಾರು? ಐಟಿಐಗಳಲ್ಲಿ ಆ ತರಬೇತಿಗೆ ದುಡ್ಡು ಇಡೋರು ಯಾರು?

ಮುಂದಿನ ಜುಲೈನಲ್ಲಿ ಹಳೇ ಯೆಜ್ಡಿಗಳ ಸದ್ದು ಕೇಳಿದಾಗ ‘ಎಷ್ಟು ಸಿಸಿ ಬರುತ್ತೆ’ ಅಂತ ಕೇಳೋಣ, ತಪ್ಪೇನಿಲ್ಲ. ಜೊತೆಗೆ ನಮ್ಮ ಶಾಸಕರು, ಸಂಸದರನ್ನೂ ಕೇಳೋಣ: ಮೈಸೂರಿನ ಹೆಸರು ಹೊತ್ತು ಓಡೋ ಗಾಡಿಯ ಒಂದು ಬಿಡಿಭಾಗವಾದರೂ ಮೈಸೂರಿನಲ್ಲಿ ತಯಾರಾಗೋಕೆ ನೀವು ಏನು ಮಾಡಿದ್ದೀರಿ?