ಬೇಡದ ಮಿಂಚಂಚೆ: ಅಳಿಸಿದರೆ ಸಾಲದು, ದೂರನ್ನೂ ಕೊಡಿ

ಕೊಲ್ಕತ್ತದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಊರಿನ ಸಮಾಚಾರ, ಪರದೇಶದ ಮಕ್ಕಳ ಪತ್ರ, ಬ್ಯಾಂಕಿನ ಲೆಕ್ಕಪತ್ರ ಎಲ್ಲವೂ ಮಿಂಚಂಚೆಯ ಮೂಲಕ ಬರುತ್ತವೆ. ಅದೇ ಬಾಗಿಲಿನಿಂದ ಕರೆಯದ ಅತಿಥಿಗಳೂ ಒಳಬರುತ್ತಾರೆ. ಕೊಳ್ಳದ ಲಾಟರಿಗೆ ಬಹುಮಾನ, ಕಾಣದ ದೇಶದ ಆಸ್ತಿಯಲ್ಲಿ ಪಾಲು, ಖಾತೆ ಸ್ಥಗಿತವಾಗುವುದೆಂಬ ಬೆದರಿಕೆ! ಹೀಗೆ ಕೇಳದೆಯೇ ರಾಶಿರಾಶಿಯಾಗಿ ಬರುವ ಅಂಚೆಗೆ ‘ಸ್ಪಾಮ್’ ಎಂದು ಹೆಸರು.

ಹಿನ್ನೆಲೆ

1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯ ಗ್ಯಾರಿ ಥುರ್ಕ್ ಎಂಬುವರು ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಗಣಕಯಂತ್ರದ ಜಾಹೀರಾತೊಂದನ್ನು ಒಮ್ಮೆಲೇ ಕಳುಹಿಸಿದರು. ಸ್ಪಾಮಿನ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ. ಸ್ಪಾಮ್ ಎಂಬುದು ಮೂಲತಃ ಡಬ್ಬಿಯಲ್ಲಿ ಮಾರುವ ಮಾಂಸದ ಹೆಸರು. ಬ್ರಿಟನ್ನಿನ ಮಾಂಟಿ ಪೈಥನ್ ತಂಡದ 1970ರ ಹಾಸ್ಯಪ್ರಸಂಗವೊಂದರಲ್ಲಿ ಹೋಟೆಲಿನ ಬಹುತೇಕ ತಿಂಡಿಗಳಲ್ಲೂ ಅದೇ ಸೇರಿಕೊಂಡಿರುತ್ತದೆ. ಹೆಸರು ಅಂಟಿಕೊಂಡದ್ದು ಅದರಿಂದ.

ಅಳಿಸುವ ಮುನ್ನ

ಬಹುಮಂದಿ ಇಂತಹ ಪತ್ರವನ್ನು ಅಳಿಸಿ ಸುಮ್ಮನಾಗುತ್ತಾರೆ. ಅದರಿಂದ ನಮ್ಮ ಪೆಟ್ಟಿಗೆ ಆ ದಿನದ ಮಟ್ಟಿಗೆ ಶುಚಿಯಾದೀತೇ ಹೊರತು ಕಳುಹಿಸಿದವನಿಗೆ ಯಾವ ಬಾಧೆಯೂ ಇಲ್ಲ. ‘ರಿಪೋರ್ಟ್ ಸ್ಪಾಮ್’ ಗುಂಡಿಯನ್ನು ಒತ್ತಿದರೆ ಸುದ್ದಿ ಅಂಚೆಸೇವೆಯ ಸಂಸ್ಥೆಗೆ ತಲುಪುತ್ತದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರ ವಿರುದ್ಧದ ದೂರುಗಳು ಶೇಕಡಾ 0.3ನ್ನು ಮುಟ್ಟಬಾರದೆಂದು ಜಿ-ಮೇಲ್ 2024ರ ಫೆಬ್ರವರಿಯಿಂದ ನಿಯಮ ಮಾಡಿದೆ. ಅಂದರೆ ಸಾವಿರ ಪತ್ರಗಳಿಗೆ ಮೂರು ದೂರು! ನಮ್ಮ ಒಂದು ಬೆರಳಿಗೆ ಅಷ್ಟು ತೂಕವಿದೆ.

ನೆನಪಿಡಬೇಕಾದ ಸಂಗತಿಗಳು:

1. ಉತ್ತರ ಬರೆಯಬೇಡಿ, ಲಗತ್ತನ್ನು ತೆರೆಯಬೇಡಿ. ಅಪರಿಚಿತ ಪತ್ರದ ಕೊನೆಯಲ್ಲಿರುವ ‘ಅನ್‌ಸಬ್‌ಸ್ಕ್ರೈಬ್’ ಕೊಂಡಿಯನ್ನೂ ಒತ್ತಬೇಡಿ. ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ಕಳ್ಳನಿಗೆ ತಿಳಿಸಿದಂತಾದೀತು. ನೀವೇ ಹೆಸರು ಕೊಟ್ಟ ಅಂಗಡಿಯ ಪತ್ರವಾದರೆ ಅದನ್ನು ಧಾರಾಳವಾಗಿ ಬಳಸಬಹುದು.

2. ಗುಪ್ತಪದವನ್ನು ಕೇಳುವ ಪತ್ರ ಕೇವಲ ಜಾಹೀರಾತಲ್ಲ, ವಂಚನೆ. ಜಿ-ಮೇಲ್‌ನಲ್ಲಿ ಪತ್ರದ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ ‘ರಿಪೋರ್ಟ್ ಫಿಶಿಂಗ್’ ಆರಿಸಿ.

3. ಕಳುಹಿಸಿದವರ ಹೆಸರನ್ನು ನಂಬಬೇಡಿ. ಸ್ನೇಹಿತರ ಹೆಸರನ್ನೂ ನಕಲು ಮಾಡಬಹುದು. ಅದೇ ಪಟ್ಟಿಯಲ್ಲಿರುವ ‘ಶೋ ಒರಿಜಿನಲ್’ ಒತ್ತಿದರೆ ಪತ್ರ ಯಾವ ಯಂತ್ರಗಳನ್ನು ಹಾದು ಬಂತೆಂಬ ವಿವರ ತೆರೆದುಕೊಳ್ಳುತ್ತದೆ. ಅದನ್ನು ಪ್ರತಿಮಾಡಿ, ಪತ್ರ ಹೊರಟ ಸೇವಾಸಂಸ್ಥೆಗೆ ಕಳುಹಿಸಬಹುದು. ಇಂತಹ ದೂರಿಗೆಂದೇ ‘ಅಬ್ಯೂಸ್’ ಎಂಬ ಪದದಿಂದ ಆರಂಭವಾಗುವ ವಿಳಾಸವನ್ನು ಇಡುವ ಪದ್ಧತಿಯನ್ನು ಅಂತರ್ಜಾಲದ ನಿಯಮಾವಳಿ 1997ರಲ್ಲಿಯೇ ಗೊತ್ತುಪಡಿಸಿದೆ.

4. ಸ್ಪಾಮ್ ಪೆಟ್ಟಿಗೆಯನ್ನು ಆಗಾಗ್ಗೆ ನೋಡಿ. ನಿಜವಾದ ಪತ್ರವೂ ಅಲ್ಲಿ ಬಿದ್ದಿರಬಹುದು. ಜಿ-ಮೇಲ್‌ನಲ್ಲಿ 30 ದಿನಗಳ ನಂತರ ಅದು ತಾನಾಗಿಯೇ ಅಳಿದುಹೋಗುತ್ತದೆ.

5. ಭಾರತದ ಬ್ಯಾಂಕುಗಳು ತಮ್ಮ ಜಾಲತಾಣದ ವಿಳಾಸವನ್ನು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವಂತೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಬ್ಯಾಂಕಿನ ಹೆಸರಿನ ಕೊಂಡಿ ಬೇರೆಲ್ಲಿಗೋ ಕರೆದೊಯ್ದರೆ ಸಂಶಯಪಡಿ.

ಕಾನೂನು

ಸ್ಪಾಮ್ ಮಿಂಚಂಚೆಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ಉಪದ್ರವಕಾರಿ ಅಂಚೆಯನ್ನು ಒಳಗೊಂಡಿದ್ದ, ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಗೊಳಿಸಿತು. ಆದರೆ ಅನ್ಯರ ಸೋಗಿನಲ್ಲಿ ಗಣಕಯಂತ್ರದ ಮೂಲಕ ವಂಚಿಸಿದರೆ 66ಡಿ ವಿಧಿಯಂತೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಉಂಟು.

ಹಣ ಹೋದಲ್ಲಿ

ಕೂಡಲೇ ಬ್ಯಾಂಕಿಗೂ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ಬರೆಯಬಹುದು. ಕೊಲ್ಕತ್ತ ಪೊಲೀಸರ ಸೈಬರ್ ಠಾಣೆ ಲಾಲ್‌ಬಜಾರಿನಲ್ಲಿದೆ. ಸಾಲ್ಟ್ ಲೇಕ್ ನಿವಾಸಿಗಳಿಗೆ ಬಿಧಾನನಗರ ಪೊಲೀಸ್ ಕಮಿಷನರೇಟ್ ಉಂಟು.

ಕೆಲವು ವರ್ಷಗಳ ಹಿಂದೆ ನಿವೃತ್ತ ಹಿರಿಯರೊಬ್ಬರು ನನ್ನ ಮೇಜಿನ ಮುಂದೆ ಬಂದು ಕುಳಿತರು. ಮಿಂಚಂಚೆಯೊಂದರ ಕೊಂಡಿಯಲ್ಲಿ ತಾವೇ ಗುಪ್ತಪದವನ್ನು ತುಂಬಿದ್ದರು. ಮನೆಯವರಿಗೆ ಹೇಳಲು ನಾಚಿ ಆರು ದಿನ ಸುಮ್ಮನಿದ್ದರು. ಅಷ್ಟರಲ್ಲಿ ಹಣ ನಾಲ್ಕು ಕಂತುಗಳಲ್ಲಿ ಹೋಗಿತ್ತು. ಗ್ರಾಹಕನ ಅಜಾಗರೂಕತೆಯಿಂದ ಆದ ನಷ್ಟವನ್ನು ದೂರು ಕೊಡುವವರೆಗೆ ಗ್ರಾಹಕನೇ ಭರಿಸಬೇಕು, ದೂರಿನ ನಂತರದ್ದು ಬ್ಯಾಂಕಿನ ಹೊಣೆ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ವಿಧಿಸಿತ್ತು. ಮೊದಲ ದಿನವೇ ಅವರು ಬಂದಿದ್ದರೆ ಮೂರು ಕಂತುಗಳು ಉಳಿಯುತ್ತಿದ್ದವು.

ಆದುದರಿಂದ ಮನೆಯ ಕಿರಿಯರಲ್ಲಿ ಒಂದು ವಿನಂತಿ. ಹಿರಿಯರು ಇಂತಹ ತಪ್ಪನ್ನು ಹೇಳಿಕೊಂಡರೆ ಗದರಬೇಡಿ. ಮೊದಲು 1930ಕ್ಕೆ ಕರೆ ಮಾಡಿ. ಮಿಕ್ಕ ಮಾತು ಆಮೇಲೆ.