ಮನೆಯ ಗಣಕದಲ್ಲೇ ವೆಬ್ ಸರ್ವರ್: ದೋಷ ಸಂದೇಶಗಳ ಹಿಂದಿನ ಇತಿಹಾಸ

ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ 1996ರಲ್ಲಿ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಗೊಂಡಿತು. ಅದರ 2006ರ ಪಠ್ಯಕ್ರಮದಲ್ಲಿ ವೆಬ್ ಪ್ರೋಗ್ರಾಮಿಂಗ್ ಪ್ರಯೋಗಾಲಯವೊಂದಿತ್ತು. ಪರ್ಲ್‌ನಲ್ಲಿ ಸರ್ವರಿನ ವಿವರ ತೋರಿಸುವುದು, ಪಿಎಚ್‌ಪಿಯಲ್ಲಿ ಕುಕಿ ಮತ್ತು ಸೆಷನ್ ಬಳಸುವುದು ಮೊದಲಾದ ಪ್ರಯೋಗಗಳನ್ನು ವಿದ್ಯಾರ್ಥಿಗಳು ಮಾಡಬೇಕಿತ್ತು. ಇವಕ್ಕೆಲ್ಲ ಒಂದು ವೆಬ್ ಸರ್ವರ್ ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಅಭ್ಯಾಸ ಮಾಡುವವರಿಗೆ ಇದ್ದ ದಾರಿ ಒಂದೇ: ತಮ್ಮ ಗಣಕವನ್ನೇ ಸರ್ವರ್ ಮಾಡಿಕೊಳ್ಳುವುದು.

ನೀವೂ ಇಂತಹ ಪ್ರಯತ್ನ ಮಾಡಿದ್ದರೆ ಅದರ ಕಷ್ಟ ನಿಮಗೆ ಗೊತ್ತು. ಪುಸ್ತಕದಲ್ಲಿದ್ದಂತೆಯೇ ಬರೆದ ಸ್ಕ್ರಿಪ್ಟ್ ಓಡುವುದಿಲ್ಲ. ತಪ್ಪು ನಿಮ್ಮದೇ ಎಂದು ಕುಗ್ಗಬೇಕಾಗಿಲ್ಲ. ಈ ದೋಷಗಳಲ್ಲಿ ಹೆಚ್ಚಿನವು ಹಿಂದೆ ಯಾರೋ ತೆಗೆದುಕೊಂಡ ಒಂದೊಂದು ತೀರ್ಮಾನದ ಫಲ. ಆ ಇತಿಹಾಸ ತಿಳಿದರೆ ಪರಿಹಾರವೂ ಬೇಗ ಹೊಳೆಯುತ್ತದೆ.

ಒಂದೇ ಗಣಕ, ಎರಡು ಪಾತ್ರ

ಸರ್ವರ್ ಎಂದರೆ ದೊಡ್ಡ ಯಂತ್ರವೇ ಆಗಬೇಕಿಲ್ಲ. 1990ರ ಕೊನೆಯಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ನಡೆಸಿದ ಜಗತ್ತಿನ ಮೊದಲ ವೆಬ್ ಸರ್ವರ್ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಗಣಕವೇ. ಇದು ಸರ್ವರ್, ಇದರ ವಿದ್ಯುತ್ ಆರಿಸಬೇಡಿ ಎಂಬ ಚೀಟಿಯನ್ನು ಅದಕ್ಕೆ ಅಂಟಿಸಲಾಗಿತ್ತು.

ನಮ್ಮ ಭಾಗಕ್ಕೂ ಊರಿನ ಸರ್ವರ್ ಅಪರಿಚಿತವಲ್ಲ. 2001ರ ಸುಮಾರಿಗೆ ರಾಜ್ಯದಾದ್ಯಂತ ಬಂದ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳಲ್ಲೇ ಸರ್ವರ್ ಇಟ್ಟು, 15 ರೂಪಾಯಿಗೆ ಪಹಣಿ, ಅಂದರೆ ನಮ್ಮ ಕಡೆಯ ಉತಾರ, ಕೊಡಲಾಗುತ್ತಿತ್ತು. ಅದು ವೆಬ್ ಸರ್ವರ್ ಆಗಿರಲಿಲ್ಲ. ಆದರೆ ಕೇಳುವ ಗಣಕ ಒಂದು, ಉತ್ತರಿಸುವ ಗಣಕ ಇನ್ನೊಂದು ಎಂಬ ತತ್ತ್ವ ಅದೇ.

ಮನೆಯಲ್ಲಿ ಈ ಎರಡೂ ಪಾತ್ರ ಒಂದೇ ಗಣಕದ್ದು. ಇದಕ್ಕಾಗಿ 127ರಿಂದ ಆರಂಭವಾಗುವ ವಿಳಾಸಗಳನ್ನು 1986ರಲ್ಲೇ ಮೀಸಲಿಡಲಾಯಿತು. 127.0.0.1, ಅಂದರೆ ಲೋಕಲ್‌ಹೋಸ್ಟ್, ಯಾವಾಗಲೂ ನಿಮ್ಮ ಗಣಕವೇ. ಅಂತರಜಾಲ ಸಂಪರ್ಕ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆ. ಮೊದಲ ಸಾಮಾನ್ಯ ತಪ್ಪು ಆಗುವುದು ಇಲ್ಲೇ. ಪಿಎಚ್‌ಪಿ ಕಡತವನ್ನು ಫೋಲ್ಡರಿನಿಂದ ನೇರವಾಗಿ ತೆರೆದರೆ ಬ್ರೌಸರ್ ಸರ್ವರನ್ನು ಕೇಳುವುದೇ ಇಲ್ಲ. ತೆರೆಯ ಮೇಲೆ ಬರೀ ಸಂಕೇತ ಕಾಣುತ್ತದೆ. ಕಡತ ಸರ್ವರಿನ ಎಚ್‌ಟಿಡಾಕ್ಸ್ ಫೋಲ್ಡರಿನಲ್ಲಿರಬೇಕು, ಲೋಕಲ್‌ಹೋಸ್ಟ್ ಎಂದು ವಿಳಾಸ ಬರೆದೇ ತೆರೆಯಬೇಕು. ನೋಟ್‌ಪ್ಯಾಡ್ ಕಡತದ ಹೆಸರಿನ ಕೊನೆಗೆ ‘ಟಿಎಕ್ಸ್‌ಟಿ’ ಸೇರಿಸಿದೆಯೇ ಎಂದೂ ನೋಡಿ.

80ನೇ ಬಾಗಿಲಿಗೆ ಪೈಪೋಟಿ

ಒಂದು ಗಣಕದಲ್ಲಿ ಹಲವು ಸೇವೆಗಳಿರುವುದರಿಂದ ಪ್ರತಿಯೊಂದಕ್ಕೂ ಪೋರ್ಟ್ ಸಂಖ್ಯೆ ಬೇಕು. ವೆಬ್‌ಗೆ 1991ರ ಮೊದಲ ನಿಯಮಾವಳಿಯಲ್ಲೇ 80 ಎಂದು ನಿಗದಿಯಾಯಿತು. ಒಂದು ವಿಳಾಸದ ಒಂದು ಪೋರ್ಟಿನಲ್ಲಿ ಸಾಮಾನ್ಯವಾಗಿ ಒಂದೇ ತಂತ್ರಾಂಶ ಕಾದು ಕೂಡಬಹುದು. ಹಾಗಾಗಿ ವಿಂಡೋಸ್‌ನ ಐಐಎಸ್ ಸರ್ವರ್ ಮೊದಲೇ ಅಲ್ಲಿದ್ದರೆ ಅಪಾಚೆ ಆರಂಭವಾಗುವುದಿಲ್ಲ. 2000ದ ದಶಕದಲ್ಲಿ ಸ್ಕೈಪ್ ಕೂಡ 80 ಮತ್ತು 443ನೇ ಪೋರ್ಟುಗಳನ್ನು ಹಿಡಿಯುತ್ತಿತ್ತು. ಸ್ಕೈಪ್ 2025ರಲ್ಲಿ ಮುಚ್ಚಿತು, ಪೈಪೋಟಿ ಮಾತ್ರ ನಿಂತಿಲ್ಲ. ಪೋರ್ಟ್ ಹಿಡಿದ ತಂತ್ರಾಂಶವನ್ನು ನಿಲ್ಲಿಸಿ, ಇಲ್ಲವೇ ಅಪಾಚೆಯ ಸಂಯೋಜನಾ ಕಡತದಲ್ಲಿ 80ರ ಬದಲು 8080 ಎಂದು ಬರೆದು, ವಿಳಾಸದಲ್ಲೂ ಆ ಸಂಖ್ಯೆ ಸೇರಿಸಿ.

ಖಾಲಿ ಸಾಲಿನ ಮಹತ್ವ

ಆರಂಭದ ಸರ್ವರುಗಳು ಮುಖ್ಯವಾಗಿ ಸಿದ್ಧ ಕಡತಗಳನ್ನು ಕಳಿಸುತ್ತಿದ್ದವು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರಿನೊಂದಿಗೆ ಸಿಜಿಐ ಎಂಬ ಒಪ್ಪಂದ ಬಂತು. ಸರ್ವರ್ ಬೇರೊಂದು ಪ್ರೋಗ್ರಾಮನ್ನು ಓಡಿಸುವುದು, ಅದು ಮುದ್ರಿಸಿದ್ದನ್ನು ಬ್ರೌಸರಿಗೆ ದಾಟಿಸುವುದು, ಇಷ್ಟೇ ಅದರ ತಿರುಳು. ಲ್ಯಾರಿ ವಾಲ್ 1987ರಲ್ಲಿ ರೂಪಿಸಿದ್ದ ಪರ್ಲ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗಿತು. ಮೆಕೂಲ್ 1994ರಲ್ಲಿ ಎನ್‌ಸಿಎಸ್‌ಎ ಬಿಟ್ಟ ಮೇಲೆ, ಆ ಸರ್ವರನ್ನು ಬಳಸುತ್ತಿದ್ದವರು ತಮ್ಮ ತಮ್ಮ ತಿದ್ದುಪಡಿಗಳನ್ನು ಒಟ್ಟುಗೂಡಿಸಿ 1995ರ ಏಪ್ರಿಲ್‌ನಲ್ಲಿ ಅಪಾಚೆಯನ್ನು ಬಿಡುಗಡೆ ಮಾಡಿದರು.

500ನೇ ದೋಷ ಬಂದಾಗ ಈ ಒಪ್ಪಂದವನ್ನು ನೆನೆಯಿರಿ. ಸ್ಕ್ರಿಪ್ಟ್ ಮೊದಲು ತಾನು ಕಳಿಸುವ ಮಾಹಿತಿ ಯಾವ ಬಗೆಯದೆಂದು ಹೇಳಬೇಕು, ಆಮೇಲೆ ಒಂದು ಖಾಲಿ ಸಾಲು ಬಿಡಬೇಕು. ಆ ಸಾಲು ಇಲ್ಲದಿದ್ದರೆ ಶಿರೋಭಾಗ ಎಲ್ಲಿ ಮುಗಿಯಿತೆಂದು ಸರ್ವರಿಗೆ ತಿಳಿಯದು. ಎರಡನೆಯ ಕಾರಣ ಪರ್ಲ್ ಸ್ಕ್ರಿಪ್ಟಿನ ಮೊದಲ ಸಾಲು. ಪುಸ್ತಕಗಳು ಅಲ್ಲಿ ಯುನಿಕ್ಸ್ ವ್ಯವಸ್ಥೆಯ ದಾರಿ ಕೊಟ್ಟಿರುತ್ತವೆ; ವಿಂಡೋಸ್‌ನಲ್ಲಿ ಪರ್ಲ್ ಇರುವ ಫೋಲ್ಡರಿನ ದಾರಿಯನ್ನೇ ಬರೆಯಬೇಕು.

ಹಳೆಯ ಪುಸ್ತಕ, ಹೊಸ ಪಿಎಚ್‌ಪಿ

ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ಪುಟಕ್ಕೆಂದು ಬರೆದ ಪಿಎಚ್‌ಪಿ 1995ರ ಜೂನ್‌ನಲ್ಲಿ ಸಾರ್ವಜನಿಕವಾಯಿತು. ಕಲಿಯಲು ಸುಲಭವಾಗಲೆಂದು ಅದು ಅರ್ಜಿಯಲ್ಲಿ ತುಂಬಿದ ಮಾಹಿತಿಯನ್ನು ತಾನಾಗಿಯೇ ಚರಾಂಶಗಳಿಗೆ ಹಾಕುತ್ತಿತ್ತು. ಇದರಿಂದ ಹೊರಗಿನವರು ಸ್ಕ್ರಿಪ್ಟಿನ ಒಳಗಿನ ಬೆಲೆಗಳನ್ನೂ ಬದಲಿಸುವ ಅಪಾಯವಿತ್ತು. 2002ರ 4.2 ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಮುಚ್ಚಿಡಲಾಯಿತು, 2012ರ 5.4ರಲ್ಲಿ ತೆಗೆದೇ ಹಾಕಲಾಯಿತು. 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲಿ ‘ಮೈಎಸ್‌ಕ್ಯುಎಲ್ ಕನೆಕ್ಟ್’ ಗುಂಪಿನ ಹಳೆಯ ಆದೇಶಗಳೂ ಹೋದವು. ಈಗ ‘ಮೈಎಸ್‌ಕ್ಯುಎಲ್‌ಐ’ ಅಥವಾ ‘ಪಿಡಿಒ’ ಬಳಸಬೇಕು. ಅಣ್ಣ ಓದಿದ ಲ್ಯಾಬ್ ಪುಸ್ತಕ ತಮ್ಮನಿಗೆ ಕೆಲಸ ಮಾಡದಿದ್ದರೆ ಕಾರಣ ಇದೇ. ಪುಸ್ತಕದ ವರ್ಷವನ್ನೂ ನಿಮ್ಮ ಪಿಎಚ್‌ಪಿ ಆವೃತ್ತಿಯನ್ನೂ ಮೊದಲು ಹೋಲಿಸಿ.

ಕನ್ನಡ ಏಕೆ ಪ್ರಶ್ನೆಯಾಗುತ್ತದೆ?

1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಮೈಎಸ್‌ಕ್ಯುಎಲ್ ಬಹಳ ಕಾಲ ‘ಲ್ಯಾಟಿನ್-1’ ಎಂಬ ಪಶ್ಚಿಮ ಯುರೋಪಿನ ಅಕ್ಷರ ಸಂಕೇತವನ್ನೇ ರೂಢಿಯಾಗಿ ಇಟ್ಟುಕೊಂಡಿತ್ತು. ಇದು ಬದಲಾದದ್ದು 2018ರ 8.0 ಆವೃತ್ತಿಯಲ್ಲಿ. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಲ್ಯಾಟಿನ್-1ರಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್.

ಇಲ್ಲಿ ಎರಡು ದೋಷಗಳನ್ನು ಬೇರೆ ಬೇರೆಯಾಗಿ ಗುರುತಿಸಿ. ವಿಚಿತ್ರ ಯುರೋಪಿಯನ್ ಅಕ್ಷರಗಳು ಕಂಡರೆ ಬೈಟುಗಳು ಸಾಮಾನ್ಯವಾಗಿ ಸರಿಯಾಗಿಯೇ ಉಳಿದಿರುತ್ತವೆ, ಓದುವ ಸಂಕೇತ ಮಾತ್ರ ತಪ್ಪು; ತಿದ್ದಬಹುದು. ಆದರೆ ದತ್ತಸಂಚಯದಲ್ಲೇ ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದರೆ ಮೂಲ ಅಕ್ಷರ ಅಳಿಸಿಹೋಗಿದೆ. ಅದು ಮರಳಿ ಬಾರದು. ಆದ್ದರಿಂದ ಮೊದಲ ಸಾಲು ಕನ್ನಡ ತುಂಬುವ ಮೊದಲೇ ಕೋಷ್ಟಕ, ಸಂಪರ್ಕ, ಪುಟ ಮೂರರಲ್ಲೂ ಯುಟಿಎಫ್-8 ಇದೆಯೇ ನೋಡಿ. ಮೈಎಸ್‌ಕ್ಯುಎಲ್‌ನಲ್ಲಿ ಅದರ ಪೂರ್ಣ ರೂಪದ ಹೆಸರು ‘ಯುಟಿಎಫ್8ಎಂಬಿ4’. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದೇ ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿ ತಂತ್ರಾಂಶದಲ್ಲಿ ನಡೆಯುತ್ತದೆ ಎಂಬುದು ನಿಮಗೆ ಧೈರ್ಯ ಕೊಡಲಿ.

ಕರೆಂಟ್ ಹೋದಾಗ

ಗೋಕಾಕ ಜಲಪಾತದಲ್ಲಿ ಬಹಳ ಹಿಂದೆಯೇ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಹುಕ್ಕೇರಿಗೆ 1969ರಿಂದ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಆದರೂ ಕರೆಂಟ್ ಹೋಗದ ಊರು ಯಾವುದು? ಮೈಎಸ್‌ಕ್ಯುಎಲ್‌ನ ಹಳೆಯ ‘ಮೈಐಸಾಮ್’ ಕೋಷ್ಟಕಗಳು ಬರೆಯುವ ನಡುವೆ ವಿದ್ಯುತ್ ಕಡಿತವಾದರೆ ಕೆಡುತ್ತಿದ್ದವು. ದುರಸ್ತಿ ಆದೇಶ ಕೊಡಬೇಕಾಗುತ್ತಿತ್ತು. 2010ರ 5.5 ಆವೃತ್ತಿಯಿಂದ ರೂಢಿಗೆ ಬಂದ ‘ಇನ್ನೊಡಿಬಿ’ ತನ್ನ ದಿನಚರಿ ಕಡತ ನೋಡಿ ತಾನೇ ಸರಿಪಡಿಸಿಕೊಳ್ಳಲು ಯತ್ನಿಸುತ್ತದೆ. ಹಳೆಯ ಪಾಠದ ಕೋಷ್ಟಕ ಮೈಐಸಾಮ್ ಎಂದಿದ್ದರೆ ಬದಲಿಸಿಕೊಳ್ಳಿ, ಪ್ರತಿಯೊಂದನ್ನು ಬೇರೆಡೆ ಇಡಿ.

2002ರಲ್ಲಿ ಜರ್ಮನಿಯಲ್ಲಿ ಆರಂಭವಾದ ಅಪಾಚೆ ಫ್ರೆಂಡ್ಸ್ ಗುಂಪು ಇವೆಲ್ಲವನ್ನೂ ‘ಕ್ಸಾಂಪ್’ ಎಂಬ ಒಂದೇ ಗಂಟಾಗಿ ಉಚಿತವಾಗಿ ಕೊಟ್ಟಿತು. 2015ರಿಂದ ಅದರಲ್ಲಿ ಮೈಎಸ್‌ಕ್ಯುಎಲ್ ಬದಲು ಮರಿಯಾಡಿಬಿ ಇದೆ. ಕಲಿಯುವವರಿಗೆ ಸುಲಭವಾಗಲೆಂದು ದತ್ತಸಂಚಯದ ‘ರೂಟ್’ ಬಳಕೆದಾರನಿಗೆ ಗುಪ್ತಪದ ಇಟ್ಟಿಲ್ಲ. ಅದನ್ನು ಹಾಗೆಯೇ ಅಂತರಜಾಲಕ್ಕೆ ತೆರೆದಿಡಬೇಡಿ.

ಕೊನೆಗೊಂದು ಕ್ರಮ. ಸರ್ವರ್ ಓಡುತ್ತಿದೆಯೇ, ಪೋರ್ಟ್ ಯಾವುದು, ಕಡತ ಎಲ್ಲಿದೆ, ಆವೃತ್ತಿ ಯಾವುದು, ಅಕ್ಷರ ಸಂಕೇತ ಯಾವುದು ಎಂದು ಈ ಕ್ರಮದಲ್ಲೇ ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬ್ರೌಸರ್ ತೋರಿಸುವ 500 ಎಂಬ ಸಂಖ್ಯೆ ಏನನ್ನೂ ವಿವರಿಸದು. ಅಪಾಚೆಯ ಲಾಗ್ಸ್ ಫೋಲ್ಡರಿನಲ್ಲಿರುವ ದೋಷ ದಾಖಲೆಯ ಕೊನೆಯ ಸಾಲು ಬಹುಮಟ್ಟಿಗೆ ಕಾರಣವನ್ನೇ ಹೇಳುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಂಡವರಿಗೆ ಮುಂದೆ ಯಾವ ಸರ್ವರೂ ಪರಕೀಯವೆನಿಸದು.