ಹಳೆಯ ಲಾರಿ ಕೊಳ್ಳುವ ಮುನ್ನ: ಚಾಲಕರೇ ಮಾಲೀಕರಾಗುವವರು ಅರಿಯಬೇಕಾದ ಸಂಗತಿಗಳು

ಬೆಂಗಳೂರು: ವರ್ಷಗಟ್ಟಲೆ ಪರರ ಲಾರಿ ಓಡಿಸಿದ ಚಾಲಕನಿಗೆ ಸ್ವಂತ ವಾಹನದ ಆಸೆ ಮೂಡುವುದು ಸಹಜ. ಹೊಸ ಲಾರಿಯ ಬೆಲೆ ಕೈಗೆಟುಕದು. ಹೀಗಾಗಿ ಎಂಟು-ಹತ್ತು ವರ್ಷ ಓಡಿದ ಲಾರಿಯೇ ಬಹುಪಾಲು ಮಂದಿಗೆ ಮೊದಲ ಮೆಟ್ಟಿಲು. ಉಳಿತಾಯ, ಅಡವಿಟ್ಟ ಒಡವೆ, ಫೈನಾನ್ಸ್ ಸಾಲ ಎಲ್ಲವೂ ಒಂದೇ ವಾಹನದ ಮೇಲೆ ನಿಲ್ಲುವುದರಿಂದ ಆಯ್ಕೆ ತಪ್ಪಿದರೆ ಅದರ ಹೊರೆ ಇಡೀ ಕುಟುಂಬದ ಮೇಲೆ ಬೀಳುತ್ತದೆ.

ಹಳೆಯ ಲಾರಿಯ ಮೌಲ್ಯವನ್ನು ಬಣ್ಣ, ಬಾಡಿ ಅಥವಾ ಮೀಟರಿನ ಅಂಕಿಯಿಂದ ಅಳೆಯಲಾಗದು. ಅದು ಇನ್ನೆಷ್ಟು ವರ್ಷ, ಯಾವ ರಸ್ತೆಯಲ್ಲಿ, ಕಾನೂನಿನ ಚೌಕಟ್ಟಿನೊಳಗೆ ದುಡಿಯಬಲ್ಲದು ಎಂಬುದೇ ಅದರ ನಿಜವಾದ ಬೆಲೆ.

ವಯಸ್ಸಿನ ಲೆಕ್ಕ

ಹೊರರಾಜ್ಯಗಳಿಗೆ ಸರಕು ಸಾಗಿಸಲು ರಾಷ್ಟ್ರೀಯ ಪರ್ಮಿಟ್ ಅಗತ್ಯ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 88ನೇ ನಿಯಮದ ಪ್ರಕಾರ, ಎರಡು ಆಕ್ಸಲ್‌ನ ಅಂದರೆ ಆರು ಚಕ್ರದ ಲಾರಿಗೆ 12 ವರ್ಷ ಮೀರಿದ ಬಳಿಕ ಈ ಪರ್ಮಿಟ್ ದೊರೆಯುವುದಿಲ್ಲ. ಬಹು ಆಕ್ಸಲ್ ಲಾರಿಗಳಿಗೆ ಈ ಮಿತಿ 15 ವರ್ಷ. ಹತ್ತು ವರ್ಷ ತುಂಬಿದ ಆರು ಚಕ್ರದ ಲಾರಿಯನ್ನು ನಾಲ್ಕು ವರ್ಷದ ಕಂತಿನಲ್ಲಿ ಕೊಂಡವರು ಕೊನೆಯ ಎರಡು ವರ್ಷದ ಕಂತನ್ನು ರಾಜ್ಯದೊಳಗಿನ ಬಾಡಿಗೆಯಿಂದಲೇ ಹೊಂದಿಸಬೇಕಾಗುತ್ತದೆ. ಜಲ್ಲಿ, ಇಟ್ಟಿಗೆ, ಧಾನ್ಯದಂತಹ ಸ್ಥಳೀಯ ಸಾಗಣೆಗೆ ಹಳೆಯ ಲಾರಿ ಸಾಕು. ದೂರದ ಬಾಡಿಗೆಯನ್ನೇ ನಂಬಿದವರಿಗೆ ಅದು ಒಗ್ಗದು.

ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ಎಫ್‌ಸಿ ಅಂದರೆ ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ಹಳೆಯ ವಾಹನಗಳಿಗೆ ಹೆಚ್ಚಿನ ಎಫ್‌ಸಿ ಶುಲ್ಕ ವಿಧಿಸುವ ಪದ್ಧತಿ 2022ರ ಏಪ್ರಿಲ್‌ನಿಂದ ಬಂದಿದ್ದು, 2025ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಲಾಯಿತು. ಮುಂಗಡ ಕೊಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಆಯಾ ವಯಸ್ಸಿನ ವಾಹನಕ್ಕೆ ಅನ್ವಯಿಸುವ ದರವನ್ನು ವಿಚಾರಿಸುವುದು ಒಳಿತು.

ಬಿಎಸ್-3ಓ, ಬಿಎಸ್-4ಓ?

ಸುಪ್ರೀಂ ಕೋರ್ಟ್ ಆದೇಶದಂತೆ 2017ರ ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟ ನಿಂತಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದಿತು.

ಬಿಎಸ್-3 ಲಾರಿಗಳ ಎಂಜಿನ್ ಸರಳ. ಊರಿನ ಮೆಕ್ಯಾನಿಕ್ ಸಹ ಪಂಪು, ನಾಜಲ್ ಬಿಚ್ಚಿ ಸರಿಪಡಿಸಬಲ್ಲ. ಆದರೆ ಅವುಗಳಿಗೆ ಉಳಿದಿರುವ ಕಾಲಾವಧಿ ಕಡಿಮೆ. ದೆಹಲಿಯಲ್ಲಿ ನೋಂದಣಿಯಾಗದ, ಬಿಎಸ್-3 ಮತ್ತು ಅದಕ್ಕೂ ಹಿಂದಿನ ಮಾನದಂಡದ ಸರಕು ವಾಹನಗಳಿಗೆ 2025ರ ನವೆಂಬರ್ 1ರಿಂದ ರಾಜಧಾನಿಯ ಪ್ರವೇಶವನ್ನು ನಿಷೇಧಿಸಲಾಗಿದೆ. ಉತ್ತರ ಭಾರತದ ಬಾಡಿಗೆ ಹಿಡಿಯುವವರು ಇದನ್ನು ಮರೆಯುವಂತಿಲ್ಲ.

ಬಿಎಸ್-4 ಲಾರಿಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಹೆಚ್ಚು. ಅನೇಕ ಮಾದರಿಗಳಲ್ಲಿ ಹೊಗೆ ಶುದ್ಧೀಕರಣಕ್ಕೆ ಯೂರಿಯಾ ದ್ರಾವಣ ಬಳಸುವ ವ್ಯವಸ್ಥೆಯಿದೆ. ಇವುಗಳ ಸೆನ್ಸರ್ ದೋಷವನ್ನು ಸ್ಕ್ಯಾನರ್ ಜೋಡಿಸಿಯೇ ಪತ್ತೆಹಚ್ಚಬೇಕು. ಯೂರಿಯಾ ವ್ಯವಸ್ಥೆಯನ್ನು ಕಿತ್ತುಹಾಕಿದ ಅಥವಾ ಅದರ ಸಂಪರ್ಕ ತಪ್ಪಿಸಿದ ಲಾರಿಯನ್ನು ಕೊಳ್ಳದಿರುವುದೇ ಕ್ಷೇಮ.

ತಯಾರಕರ ಸೇವಾಜಾಲವೂ ಮುಖ್ಯ. ಮ್ಯಾನ್ ಕಂಪನಿ 2018ರಲ್ಲಿ ಭಾರತದ ಲಾರಿ ಮಾರುಕಟ್ಟೆಯಿಂದ ಹೊರನಡೆಯುವ ನಿರ್ಧಾರ ಪ್ರಕಟಿಸಿತು. ಇಂತಹ ವಾಹನಗಳು ಅಗ್ಗಕ್ಕೆ ಸಿಕ್ಕರೂ ಬಿಡಿಭಾಗಗಳಿಗೆ ಅಲೆಯಬೇಕಾಗಬಹುದು. ತಾವು ಓಡುವ ಮಾರ್ಗದುದ್ದಕ್ಕೂ ಯಾವ ಕಂಪನಿಯ ಬಿಡಿಭಾಗ ಸುಲಭವಾಗಿ ದೊರೆಯುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಹಿಂದೆ ಏನು ಹೊತ್ತಿತ್ತು?

ಒಂದೇ ವಯಸ್ಸಿನ ಎರಡು ಲಾರಿಗಳ ಪೈಕಿ ಹತ್ತಿಯ ಮೂಟೆ ಹೊತ್ತದ್ದಕ್ಕೂ ಅದಿರು ಹೊತ್ತದ್ದಕ್ಕೂ ಅಜಗಜಾಂತರ. ಅದಿರು, ಜಲ್ಲಿ, ಮರಳು ಸಾಗಿಸಿದ ಲಾರಿಗಳ ಚಾಸಿಯಲ್ಲಿ ಬಿರುಕು, ಬೆಸುಗೆಯ ಗುರುತು ಸಾಮಾನ್ಯ. ಸ್ಪ್ರಿಂಗ್ ಬ್ರ್ಯಾಕೆಟ್‌ಗಳ ಸುತ್ತ ಮತ್ತು ಕ್ಯಾಬಿನ್ ಹಿಂಬದಿಯಲ್ಲಿ ಟಾರ್ಚ್ ಬಿಟ್ಟು ನೋಡತಕ್ಕದ್ದು. ಹೊಸದಾಗಿ ಬಳಿದ ಬಣ್ಣವಿದ್ದ ಕಡೆ ಅನುಮಾನವಿರಲಿ.

ಒಂದೇ ಬಗೆಯ ಬಾಡಿಗೆಯನ್ನು ನೆಚ್ಚಿಕೊಂಡರೆ ಆಗುವ ಅಪಾಯಕ್ಕೆ ರಾಜ್ಯದಲ್ಲೇ ನಿದರ್ಶನವಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆಯೊಡ್ಡಿದಾಗ, ಆಗಸ್ಟ್‌ನಲ್ಲಿ ಆ ತಡೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿದಾಗ, ಸಾಲ ಮಾಡಿ ಅದಿರು ಲಾರಿ ಕೊಂಡಿದ್ದವರ ದುಡಿಮೆ ದಿಢೀರನೆ ನಿಂತಿತು. ಬೇರೆ ಸರಕಿಗೂ ಹೊಂದುವ ಬಾಡಿಯ ಲಾರಿ ಇಂತಹ ಸಂದರ್ಭದಲ್ಲಿ ಆಸರೆಯಾಗುತ್ತದೆ.

ಯಂತ್ರದ ಪರೀಕ್ಷೆ

* ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಬರುವುದು ಲೇಸು.
* ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಒಂದೇ ಸಮನೆ ಕಪ್ಪು ಹೊಗೆ ಬಂದರೆ ಪಂಪು, ನಾಜಲ್, ಏರ್ ಫಿಲ್ಟರ್ ಅಥವಾ ಟರ್ಬೊ ದೋಷವಿರಬಹುದು.
* ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ಒತ್ತಡದಿಂದ ನುಗ್ಗಿದರೆ ಪಿಸ್ಟನ್ ರಿಂಗ್, ಲೈನರ್ ಸವೆದಿವೆ ಎಂದರ್ಥ. ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಡಿತಗೊಳಿಸಿಯೇ ಮಾತನಾಡಬೇಕು.
* ಏರ್ ಬ್ರೇಕ್ ಟ್ಯಾಂಕ್ ತುಂಬಿದ ನಂತರ ಎಂಜಿನ್ ನಿಲ್ಲಿಸಿ ಗೇಜ್ ಗಮನಿಸಬೇಕು. ಮುಳ್ಳು ಬೇಗನೆ ಇಳಿದರೆ ಗಾಳಿ ಸೋರುತ್ತಿದೆ. ಶಿರಾಡಿ, ಚಾರ್ಮಾಡಿಯಂತಹ ಘಾಟಿ ಇಳಿಯುವ ವಾಹನದಲ್ಲಿ ಇದು ಪ್ರಾಣದ ಪ್ರಶ್ನೆ.
* ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ. ಹತ್ತು ಟೈರುಗಳ ಪೈಕಿ ಎಷ್ಟು ಮೂಲದವು, ಎಷ್ಟು ರೀಸೋಲ್ ಆದವು ಎಂದು ಎಣಿಸಬೇಕು.
* ಸರಕು ತುಂಬಿ ಏರು ರಸ್ತೆಯಲ್ಲಿ ಓಡಿಸಿ ನೋಡುವುದು ಅಗತ್ಯ. ಕ್ಲಚ್ ಜಾರುವುದು, ಗೇರ್ ಹಾರುವುದು, ಕ್ರೌನ್ ಸದ್ದು ಖಾಲಿ ಲಾರಿಯಲ್ಲಿ ಗೊತ್ತಾಗದಿರಬಹುದು.

ಟ್ರೇಲರ್ ಕೊಳ್ಳುವವರು ಮುಂಭಾಗದ ಎಂಜಿನ್ ವಾಹನ ಮತ್ತು ಹಿಂಭಾಗದ ಟ್ರೇಲರ್ ಎರಡರ ನೋಂದಣಿ ದಾಖಲೆಯನ್ನೂ ಪ್ರತ್ಯೇಕವಾಗಿ ನೋಡಬೇಕು. ಎರಡನ್ನೂ ಬೆಸೆಯುವ ಜೋಡಣೆಯ ಸವೆತವನ್ನು ಅನುಭವಿ ಮೆಕ್ಯಾನಿಕ್‌ನಿಂದ ಪರೀಕ್ಷಿಸಬೇಕು.

ದಾಖಲೆಗಳು

ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್‌ಸಿಯಲ್ಲಿರುವುದಕ್ಕೆ ತಾಳೆಯಾಗಬೇಕು. ತೆರಿಗೆ, ಎಫ್‌ಸಿ, ವಿಮೆ, ಪರ್ಮಿಟ್ ಅವಧಿ ಹಾಗೂ ಬಾಕಿ ದಂಡದ ವಿವರ ಪರಿವಾಹನ್ ಜಾಲತಾಣದಲ್ಲಿ ಲಭ್ಯ. ಕಳವಾದ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ ಸೇವೆಯ ಮೂಲಕ ತಿಳಿಯಬಹುದು.

ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲ ತೀರಿದ್ದಕ್ಕೆ ಫೈನಾನ್ಸ್ ಕಂಪನಿಯ ಸಹಿಯುಳ್ಳ ನಮೂನೆ 35, ಹೊರರಾಜ್ಯದ ವಾಹನಕ್ಕೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಕೊಂಡವರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು, 14 ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಪರ್ಮಿಟ್ ತಾನಾಗಿಯೇ ವರ್ಗವಾಗದು. ಅದಕ್ಕೆ ಸಾರಿಗೆ ಪ್ರಾಧಿಕಾರದ ಅನುಮತಿ ಕಡ್ಡಾಯ.

ಮಾರಿದವರಿಗೂ ಇದು ಅನ್ವಯಿಸುತ್ತದೆ. ವಾಹನ ಕೈ ಬದಲಾದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್-ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಬಾಂಡ್ ಕಾಗದದ ಕರಾರು ಆರ್‌ಸಿ ವರ್ಗಾವಣೆಗೆ ಬದಲಿಯಾಗಲಾರದು.

ಹಣದ ಲೆಕ್ಕ

ತಿಂಗಳಿಗೆ 6,000 ಕಿ.ಮೀ. ಓಡುವ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 1,500 ಲೀಟರ್ ಡೀಸೆಲ್ ಬೇಕು. ಸವೆದ ಎಂಜಿನ್ 3.5 ಕಿ.ಮೀ. ಮಾತ್ರ ಕೊಟ್ಟರೆ ಸುಮಾರು 214 ಲೀಟರ್ ಹೆಚ್ಚು ಬೇಕಾಗುತ್ತದೆ. ಲೀಟರಿಗೆ 90 ರೂ.ನಂತೆ ಲೆಕ್ಕ ಹಾಕಿದರೂ ತಿಂಗಳಿಗೆ 19,000 ರೂ. ಮೀರಿದ ನಷ್ಟ. ಖರೀದಿಯಲ್ಲಿ ಉಳಿಸಿದ ಒಂದು ಲಕ್ಷ ರೂಪಾಯಿ ಆರು ತಿಂಗಳಲ್ಲೇ ಕರಗುತ್ತದೆ.

ಈ ಕೊರತೆಯನ್ನು ಅತಿಭಾರದಿಂದ ತುಂಬಿಕೊಳ್ಳುವ ಆಲೋಚನೆ ದುಬಾರಿ. 2019ರ ತಿದ್ದುಪಡಿ ಕಾಯ್ದೆಯಲ್ಲಿ ಅತಿಭಾರಕ್ಕೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ದಂಡ ನಿಗದಿಯಾಗಿದೆ. ಆರ್‌ಸಿಯಲ್ಲಿ ನಮೂದಾದ ತೂಕವೇ ಆದಾಯದ ಲೆಕ್ಕಕ್ಕೆ ಆಧಾರವಾಗಿರಬೇಕು.

ಕೈಯಲ್ಲಿರುವ ಹಣವನ್ನೆಲ್ಲ ಮುಂಗಡಕ್ಕೆ ಸುರಿಯುವುದು ಸಲ್ಲದು. ಟೈರು, ಕ್ಲಚ್, ಎಫ್‌ಸಿ ಕೆಲಸ, ತ್ರೈಮಾಸಿಕ ತೆರಿಗೆ ಹಾಗೂ ಲಾರಿ ಗ್ಯಾರೇಜಿನಲ್ಲಿ ನಿಂತ ದಿನಗಳ ಕಂತಿಗೆ ಪ್ರತ್ಯೇಕ ಮೊತ್ತ ತೆಗೆದಿಡಬೇಕು. ಕನಿಷ್ಠ ಮೂರು ತಿಂಗಳ ಕಂತಿನಷ್ಟು ಹಣ ಕೈಯಲ್ಲಿ ಉಳಿಯದಿದ್ದರೆ ಇನ್ನೊಂದು ವರ್ಷ ಸಂಬಳಕ್ಕೆ ದುಡಿದು, ಆನಂತರ ಕೊಳ್ಳುವುದೇ ವಿವೇಕ.